ಮಡಚುವ ಟೇಬಲ್ ಬೇಡ, ಮಗಳೇ

ಬೆಟಗೇರಿ
ಶನಿವಾರ ರಾತ್ರಿ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣವೆಂದುಕೊಂಡೆ. ಮಾಡಿದರೆ ಮತ್ತೆ ದುಡ್ಡಿನ ಮಾತೇ ಮುಂದೆ ಬರುತ್ತದೆ ಎಂದು ಸುಮ್ಮನಾದೆ. ಬರೆದರೆ ನಡುವೆ ಬಾಯಿ ಹಾಕದೆ ಕೊನೆಯವರೆಗೂ ಓದುತ್ತೀ ಎಂಬ ನಂಬಿಕೆ ನನಗಿದೆ.

ನಿಮ್ಮ ಕಂಪನಿ ಬಾಡಿಗೆಯ ಮಹಡಿಯನ್ನೇ ಬಿಟ್ಟುಕೊಟ್ಟು, ಮುಂದಿನ ತಿಂಗಳಿನಿಂದ ಎಲ್ಲರೂ ಮನೆಯಿಂದಲೇ ಕೆಲಸ ಮಾಡಬೇಕು ಎಂದಿದೆ, ಸರಿ. ನೀನು ಮಂಚದ ಮೇಲೆ ದಿಂಬಿಗೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತೀ, ಕತ್ತು ಹಿಡಿದುಕೊಳ್ಳುತ್ತಿದೆ, ಟೇಬಲ್ಲು ಕುರ್ಚಿ ಬೇಕೇ ಬೇಕು. ಅದರಲ್ಲಿ ನನ್ನ ತಕರಾರೇನೂ ಇಲ್ಲ. ನೀನು ಕಳಿಸಿದ ಚಿತ್ರದ ಜೋಡಿಗೆ 48,000 ರೂಪಾಯಿ, ಹನ್ನೆರಡು ಕಂತು. ಹೆಚ್ಚಾಯಿತು ಎಂದೆ, ಈಗಲೂ ಅನ್ನುತ್ತೇನೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಆ ಬೆಲೆಯಲ್ಲ. "ಗೋಡೆಗೆ ಮಡಚಿಡುವ ಟೇಬಲ್ ಅವ್ವ, ಅತ್ತೆ ಮಾವ ಬಂದಾಗ ಎತ್ತಿಟ್ಟುಬಿಡಬಹುದು" ಎಂದೆಯಲ್ಲ, ಆ ಮಾತು.

ಮಡಚುವ ಟೇಬಲ್ ಬೇಡ. ಅಗ್ಗದ್ದಾಗಲಿ, ದುಬಾರಿಯಾಗಲಿ, ಬೇಡ.

ನಾನು ಹೊಲಿಯುವುದನ್ನು ನೋಡುತ್ತಲೇ ಬೆಳೆದವಳು ನೀನು. ಆ ಕಥೆಯನ್ನೆಲ್ಲ ಮತ್ತೆ ಹೇಳುವುದಿಲ್ಲ. ಅಪ್ಪ ಕೆಲಸ ಕಳೆದುಕೊಂಡ ವರ್ಷದ ಮಾತೂ ಬೇಡ. ನಿನ್ನ ನೆನಪಿನಲ್ಲಿ ಇರಲಾರದ ಸಂಗತಿ ಒಂದಿದೆ, ಆಗ ನಿನಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ.

ನಿನಗೆ ಗೊತ್ತಿರುವುದು ಮೆಟ್ಟಿಲ ಕೆಳಗಿನ ಹೊಲಿಗೆ ಯಂತ್ರ. ಅದು ಮೊದಲಿನಿಂದಲೂ ಅಲ್ಲೇ ಇತ್ತು ಎಂದುಕೊಂಡಿರುತ್ತೀ. ಇರಲಿಲ್ಲ. ತವರಿನಿಂದ ಕೊಟ್ಟ ಆ ಯಂತ್ರವನ್ನು ನಾನು ನಡುಮನೆಯಲ್ಲಿ, ಬೀದಿ ಕಡೆಯ ಕಿಟಕಿಗೆ ಹತ್ತಿಸಿ ಇಟ್ಟುಕೊಂಡಿದ್ದೆ. ಬೆಳಗಿನ ಹೊತ್ತು ಸೂಜಿಯ ತುದಿಯ ಮೇಲೆಯೇ ಬೆಳಕು ಬೀಳುತ್ತಿತ್ತು, ದಾರ ಪೋಣಿಸಲು ಕಣ್ಣು ಕಿರಿದು ಮಾಡಬೇಕಾಗಿರಲಿಲ್ಲ. ಚೌತಿ ಬಂದರೆ ಗಣಪನನ್ನು ಕೂರಿಸಲು ಮನೆಯಲ್ಲಿ ಇದ್ದದ್ದೂ ಅದೊಂದೇ ಜಾಗ. ಗಣಪ ಬರುವುದು ಬೇಡವೆಂದು ನಾನು ಎಂದೂ ಅಂದುಕೊಂಡವಳಲ್ಲ, ಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸಿ ಅಂಟಿಸುತ್ತಿದ್ದವಳೂ ನಾನೇ. ಆದರೆ ಹೊಲಿಯುವವರಿಗೆ ಶ್ರಾವಣದಿಂದ ದೀಪಾವಳಿಯವರೆಗೆ ಸುಗ್ಗಿ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳ ಕುಪ್ಪಸಗಳು ಮುಗಿಯುವಷ್ಟರಲ್ಲಿ ಚೌತಿಯವು, ಅವು ಮುಗಿಯುವಷ್ಟರಲ್ಲಿ ದಸರೆಯವು. ಕೆಲಸ ಮೈತುಂಬ ಇರುವ ಹೊತ್ತಿನಲ್ಲೇ ಯಂತ್ರವನ್ನು ಎತ್ತಿ ಹಿತ್ತಲ ಪಡಸಾಲೆಗೆ ಸಾಗಿಸುತ್ತಿದ್ದರು.

ಪಡಸಾಲೆಯಲ್ಲಿ ಕಟ್ಟಿಗೆಯ ರಾಶಿ, ಒರಳು, ಮೇಲೆ ಜಂತೆಗೆ ನೇತುಹಾಕಿದ ನಲವತ್ತು ವ್ಯಾಟಿನ ಒಂದು ಬಲ್ಬು. ಹಗಲೆಲ್ಲ ಬಂದವರಿಗೆ ಚಹಾ, ಊಟ. ಹೊಲಿಗೆ ರಾತ್ರಿಗೆ. ಆ ಹಳದಿ ಬೆಳಕಿನಲ್ಲಿ ಕಪ್ಪು ದಾರಕ್ಕೂ ಗಾಢ ನೀಲಿ ದಾರಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಒಬ್ಬ ಶಿಕ್ಷಕಿಯ ನೀಲಿ ಕುಪ್ಪಸವನ್ನು ಪೂರ್ತಿ ಕಪ್ಪು ದಾರದಲ್ಲಿ ಹೊಲಿದಿದ್ದು ಬೆಳಗ್ಗೆ ಬಿಸಿಲಿಗೆ ಹಿಡಿದಾಗ ಗೊತ್ತಾಯಿತು. ಎಲ್ಲ ಬಿಚ್ಚಿದೆ. ಮರುದಿನ ರಾತ್ರಿ ಅದನ್ನೇ ಮತ್ತೆ ಹೊಲಿಯಲು ಕೂತಾಗ ಸೂಜಿ ನನ್ನ ಎಡಗೈಯ ತೋರುಬೆರಳಿನ ಉಗುರಿನೊಳಗೆ ಇಳಿಯಿತು. ಕಾಲು ತೆಗೆದರೆ ಚಕ್ರ ನಿಲ್ಲುತ್ತದೆ, ಸೂಜಿ ತಾನಾಗಿ ಮೇಲೇಳುವುದಿಲ್ಲ. ಬಲಗೈಯಿಂದ ಮೇಲಿನ ಚಕ್ರವನ್ನು ನಾನೇ ಒಂದಿಷ್ಟೊಂದಿಷ್ಟು ತಿರುಗಿಸಿ ಸೂಜಿಯನ್ನು ಎತ್ತಬೇಕಾಯಿತು. ನೀನು ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದೆ. ಎದ್ದೀಯೆಂದು ಕೂಗಲಿಲ್ಲ.

ಅಜ್ಜಿ ಕೆಟ್ಟವಳಲ್ಲ, ಅರಿಶಿನ ಹಚ್ಚಿ ಬಟ್ಟೆ ಕಟ್ಟಿದವಳು ಅವಳೇ. ಕಟ್ಟುತ್ತ ಒಂದು ಮಾತು ಅಂದಳು: "ರಾತ್ರಿ ಯಾಕೆ ಹೊಲಿಯುತ್ತೀ, ಹೇಗಿದ್ದರೂ ದಿನವೆಲ್ಲ ಮನೆಯಲ್ಲೇ ಇರುತ್ತೀಯಲ್ಲ." ಅವಳಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆ ವರ್ಷ ಗಣಪನನ್ನು ಕಳಿಸಿದ ಮೇಲೆ ಯಂತ್ರ ಕಿಟಕಿಗೆ ಮರಳಲಿಲ್ಲ. ಜಾಗ ಖಾಲಿಯಿದೆ ಎಂದು ನಿನ್ನ ಚಿಕ್ಕಪ್ಪ ಟೀವಿ ತಂದು ಅಲ್ಲಿ ಇಟ್ಟ. ಯಾರೂ ಜಗಳ ಮಾಡಲಿಲ್ಲ, ಯಾರೂ ನನ್ನನ್ನು ಕೇಳಲೂ ಇಲ್ಲ. ಯಂತ್ರ ಮೆಟ್ಟಿಲ ಕೆಳಗೆ ಹೋಯಿತು. ಅಲ್ಲಿಗೆ ಹೋದ ಮೇಲೆ ಅದರ ಮುಚ್ಚಳದ ಮೇಲೆ ಕಾಯಿಪಲ್ಲೆಯ ಚೀಲ, ಛತ್ರಿ, ಹಳೆಯ ಪತ್ರಿಕೆ, ಯಾರಿಗೆ ಏನು ಬೇಕೋ ಅದು. ಹೊಲಿಯಲು ಕೂರುವ ಮುಂಚೆ ದಿನವೂ ಅದನ್ನೆಲ್ಲ ತೆಗೆಯಬೇಕಿತ್ತು. ನನ್ನ ಹೆದರಿಕೆ ಇಷ್ಟೇ: ಒಮ್ಮೆ ಎತ್ತಿಟ್ಟ ಕೆಲಸಕ್ಕೆ ಜಾಗ ಮರಳಿ ಸಿಗುವುದಿಲ್ಲ. ನಿನ್ನ ಟೇಬಲ್ ಮಡಚಿದ ಮೊದಲ ದಿನ ಅಲ್ಲಿ ಅತ್ತೆಯವರ ಪೆಟ್ಟಿಗೆ ಬರುತ್ತದೆ, ಅವರು ಹೋದ ಮೇಲೆ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬರುತ್ತದೆ, ನೀನು ಮತ್ತೆ ಮಂಚಕ್ಕೆ.

ಹಾಗಾಗಿ ಅಲುಗಾಡದ ಟೇಬಲ್ ಮಾಡಿಸು. ಸೋದರಮಾವನ ಜೊತೆ ಮಾತಾಡಿದ್ದೇನೆ. ಅವನು ಬೆಂಗಳೂರಿನಲ್ಲಿ ಕಪಾಟು, ಅಡುಗೆಮನೆ ಮಾಡುವ ಕಡೆಗಳಲ್ಲೆಲ್ಲ ಪ್ಲೈವುಡ್ ತುಂಡುಗಳು ಉಳಿಯುತ್ತವಂತೆ. ಪೂರ್ತಿ ಹಲಗೆ ಎಂಟಡಿಗೆ ನಾಲ್ಕಡಿ, ನಿನಗೆ ಬೇಕಾದದ್ದು ನಾಲ್ಕಡಿಗೆ ಎರಡಡಿಯ ಒಂದು ತುಂಡು. 18 ಮಿಲಿಮೀಟರ್ ದಪ್ಪದ್ದು ಇರಲಿ, ತೆಳುವಾದದ್ದು ನಡುವೆ ಬಾಗುತ್ತದೆ. ನೀರು ತಡೆಯುವ 710ರ ದರ್ಜೆಯ ಪ್ಲೈವುಡ್ಡೇ ಬೇಕೆಂದು ಯಾರಾದರೂ ಅಂದರೆ ಕಿವಿಗೊಡಬೇಡ, ಅದು ಅಡುಗೆಮನೆಗೆ, ಬಚ್ಚಲಿಗೆ. ಒಣಕೋಣೆಯ ಟೇಬಲ್ಲಿಗೆ 303ರ ಸಾಮಾನ್ಯ ದರ್ಜೆ ಸಾಕು. ಅಂಚಿಗೆ ಮರದ ಪಟ್ಟಿ ಹೊಡೆಸು, ಇಲ್ಲದಿದ್ದರೆ ಮುಂಗೈ ತರಚುತ್ತದೆ.

ಎತ್ತರದ ವಿಷಯದಲ್ಲಿ ಅಂಗಡಿಯವರನ್ನು ನಂಬಬೇಡ. ಸಿದ್ಧ ಟೇಬಲ್ಲುಗಳು ಸಾಮಾನ್ಯವಾಗಿ 29, 30 ಅಂಗುಲ ಇರುತ್ತವೆ, ನೀನು ಐದಡಿಯ ಹುಡುಗಿ. ಅಂಥದರ ಮುಂದೆ ಕೂತರೆ ಹೆಗಲು ಎತ್ತಿಕೊಂಡೇ ಇರಬೇಕು, ಕತ್ತು ನೋವು ಅಲ್ಲಿಂದಲೇ ಶುರು. ಮೈ ಅಳೆದು ಬಟ್ಟೆ ಹೊಲಿದವಳು ನಾನು, ಟೇಬಲ್ಲಿಗೂ ಮೈಯ ಅಳತೆಯೇ ಸರಿ. ಕುರ್ಚಿಯಲ್ಲಿ ಪಾದ ಪೂರ್ತಿ ನೆಲಕ್ಕೆ ಊರಿ ಕೂತು, ಹೆಗಲು ಸಡಿಲ ಬಿಟ್ಟು ಮೊಣಕೈ ಮಡಚು. ನೆಲದಿಂದ ಮೊಣಕೈವರೆಗೆ ಎಷ್ಟೋ ಅಷ್ಟೇ ಟೇಬಲ್ಲಿನ ಎತ್ತರ. ನಿನಗೆ 25, 26 ಅಂಗುಲ ಬರಬಹುದು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವುದರಿಂದ ಒಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ಅದಕ್ಕೆ ಬೇರೆ ಕೀಲಿಮಣೆ, ಮೌಸ್ ತೆಗೆದುಕೊ, ಎರಡಕ್ಕೂ ಸೇರಿ ಸಾವಿರ ರೂಪಾಯಿ ಆದೀತು. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಏರಿಸಿ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತಾ.

ಕುರ್ಚಿಗೆ ಮಾತ್ರ ಜಿಪುಣತನ ಮಾಡಬೇಡ. ಆದರೆ ಹೊಸದೇ ಆಗಬೇಕೆಂದಿಲ್ಲ. ಕಚೇರಿಗಳು ಮುಚ್ಚಿದಾಗ ಒಳ್ಳೆಯ ಕುರ್ಚಿಗಳು ಹಳೆಯ ಸಾಮಾನಿನ ಅಂಗಡಿಗೆ ಬರುತ್ತವೆ. ಶಿವಾಜಿನಗರದ ಕಡೆ ಸೋದರಮಾವ ಕರೆದುಕೊಂಡು ಹೋಗುತ್ತಾನೆ. ಮೂರು, ನಾಲ್ಕು ಸಾವಿರದೊಳಗೆ ಸಿಗುತ್ತದೆ ಎನ್ನುತ್ತಾನೆ. ಎತ್ತರಕ್ಕೆ ಏರಿಸಿ ಕೂತು ಐದು ನಿಮಿಷ ಮಾತಾಡುತ್ತ ಇರು. ತಾನಾಗಿ ಕೆಳಗಿಳಿದರೆ ಅದನ್ನು ಎತ್ತಿ ಹಿಡಿಯುವ ಕೊಳವೆಯ ಗ್ಯಾಸ್ ಹೋಗಿದೆ, ಬಿಟ್ಟು ಬಾ. ಇಂಥ ಖರ್ಚಿಗೆ ಕಂಪನಿಯಲ್ಲಿ ಭತ್ಯೆ ಇದೆಯೇ ಎಂದು ಬರೆದು ಕೇಳು. ಕೇಳಲು ಸಂಕೋಚ ಪಡುವುದು ನಮ್ಮ ಮನೆತನದ ರೋಗ.

ಟೇಬಲ್ಲನ್ನು ಆ ಚಿಕ್ಕ ಕೋಣೆಯ ಕಿಟಕಿಗೆ ಎದುರಾಗಿಯೂ ಇಡಬೇಡ, ಬೆನ್ನಾಗಿಯೂ ಇಡಬೇಡ. ಎದುರಾದರೆ ಕಣ್ಣಿಗೆ ಹೊಡೆಯುತ್ತದೆ, ಬೆನ್ನಾದರೆ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಮಗ್ಗುಲಿಗೆ ಇರಲಿ. ಎಲ್ಲರೂ ಬೆಳಕು ಎಡಗಡೆಯಿಂದ ಬರಲಿ ಎನ್ನುತ್ತಾರೆ, ನೀನು ಎಡಗೈಯಲ್ಲಿ ಬರೆಯುವವಳು, ನಿನಗೆ ಬಲಗಡೆಯಿಂದ ಬರಬೇಕು. ರಾತ್ರಿ ಕೆಲಸಕ್ಕೆ ಒಂದು ಟೇಬಲ್ ದೀಪ, ಬಿಳಿ ಬೆಳಕಿನ ಎಲ್‌ಇಡಿ ಬಲ್ಬಿನದು. ಹಳದಿ ಬೇಡ. ಮತ್ತೆ ಆ ನಲವತ್ತು ವ್ಯಾಟಿನ ಬಲ್ಬೇ ಕಣ್ಣೆದುರು ಬರುತ್ತದೆ ನನಗೆ, ಇರಲಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆದರೂ ಇಂಟರ್‌ನೆಟ್ ನಿಲ್ಲುತ್ತದೆಯಲ್ಲ, ರೌಟರ್‌ಗೆಂದೇ ಸಣ್ಣ ಯುಪಿಎಸ್ ಬರುತ್ತದಂತೆ, ಸುಮಾರು ಒಂದೂವರೆ ಸಾವಿರಕ್ಕೆ. ಇದೆಲ್ಲ ಕೂಡಿಸಿದರೂ ಹತ್ತು ಸಾವಿರ ದಾಟುವುದಿಲ್ಲ.

ಅಂದಚೆಂದಕ್ಕೆ ದುಡ್ಡು ಹಾಕಬೇಡ, ಅದು ನನ್ನ ಪಾಲು. ಬಾಡಿಗೆ ಮನೆ, ಬಣ್ಣ ಬಳಿಯುವ ಹಾಗಿಲ್ಲ, ಮೊಳೆ ಹೊಡೆದರೆ ಮಾಲೀಕರು ಮುಂಗಡದಲ್ಲಿ ಹಿಡಿದುಕೊಳ್ಳುತ್ತಾರೆ. ಕಿಟಕಿ ಚೌಕಟ್ಟಿನ ಒಳಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಮೊಳೆ ಬೇಕಿಲ್ಲ. ಕಿಟಕಿಯ ಪರದೆಗೆ ನನ್ನ ಬಾದಾಮಿ ಬಣ್ಣದ ಕೈಮಗ್ಗದ ಸೀರೆ ತೆಗೆದಿಟ್ಟಿದ್ದೇನೆ. ಹದಿನೆಂಟಡಿ ಸೀರೆಯಲ್ಲಿ ಮೂರು ತುಂಡು ತೆಗೆದು ಕೂಡಿಸಿದರೆ ನಾಲ್ಕಡಿಯ ಕಿಟಕಿಗೆ ನೆರಿಗೆ ತುಂಬಿ ಬರುತ್ತದೆ, ಸೀರೆಯ ಅಂಚು ಪರದೆಯ ಎರಡೂ ಮಗ್ಗುಲಿಗೆ ನಿಲ್ಲುತ್ತದೆ. ಪಶ್ಚಿಮದ ಬಿಸಿಲೆಂದು ಹಿಂದೆ ಬಿಳಿಯ ಅಸ್ತರ ಕೊಡುತ್ತೇನೆ. ಖಾಲಿ ಗೋಡೆಯ ಕೋಣೆಯಲ್ಲಿ ನಿನ್ನ ಮಾತು ಗುಂಯ್‌ಗುಡುತ್ತದೆ, ಫೋನಿನಲ್ಲೇ ಗೊತ್ತಾಗುತ್ತದೆ. ಅದಕ್ಕೆ ನೆಲಕ್ಕೆ ನವಲಗುಂದದ ಜಮಖಾನೆ ಕಳಿಸುತ್ತೇನೆ, ದಪ್ಪ ಬಟ್ಟೆ ಸದ್ದನ್ನು ಕುಡಿಯುತ್ತದೆ. ಹೆಣ್ಣುಮಕ್ಕಳೇ ಕೂತು ನೇಯ್ದ ಜಮಖಾನೆ, ಕುರ್ಚಿಯ ಗಾಲಿ ಅದರ ಮೇಲೆ ಹಾಯದಂತೆ ಟೇಬಲ್ಲಿನ ಆಚೆಗೆ ಹಾಸು. ಗುಳೇದಗುಡ್ಡದ ಕುಪ್ಪಸದ ಖಣದ ಒಂದು ತುಂಡನ್ನು ಮೆತ್ತನೆಯ ಹಲಗೆಗೆ ಬಿಗಿದು ಕೊಡುತ್ತೇನೆ. ಗೋಡೆಗೆ ಒರಗಿಸಿಟ್ಟು ಚೀಟಿ ಚುಚ್ಚಿಕೊ. ಮೀಟಿಂಗಿನಲ್ಲಿ ನಿನ್ನ ಹಿಂದೆ ಅದು ಕಾಣಲಿ, ಎಲ್ಲಿಯದೆಂದು ಕೇಳಿದವರಿಗೆ ಹೇಳು.

ಈಗ ಬೀಗರ ವಿಷಯ. ಅವರು ಬರಲಿ, ಮಾವನವರ ಕಣ್ಣಿನ ಆಪರೇಷನ್ ಮುಗಿಯುವವರೆಗೆ ಇರಲಿ, ಪ್ರೀತಿಯಿಂದ ನೋಡಿಕೊ. ರಾತ್ರಿ ಆ ಕೋಣೆಯ ಮಂಚದಲ್ಲಿ ಮಲಗಲಿ. ಹಗಲು ನಿನ್ನ ಕೆಲಸದ ಹೊತ್ತಿನಲ್ಲಿ ನಿಮ್ಮ ಮಲಗುವ ಕೋಣೆ ಅವರದು, ಚಿಕ್ಕ ಕೋಣೆ ನಿನ್ನದು. ಈ ಮಾತನ್ನು ನೀನು ಹೇಳಬಾರದು, ಅಳಿಯಂದಿರೇ ಅವರ ತಾಯಿತಂದೆಗೆ ಹೇಳಬೇಕು, ಅದೂ ಅವರು ಬರುವ ಮುಂಚೆ. ಸೊಸೆ ಹೇಳಿದರೆ ಅದು ಸೊಕ್ಕಾಗುತ್ತದೆ, ಮಗ ಹೇಳಿದರೆ ವ್ಯವಸ್ಥೆಯಾಗುತ್ತದೆ. ಬಾಗಿಲು ಹಾಕಿಕೊಂಡು ಕೂರು. ನಡುವೆ ಹಾಲು ಉಕ್ಕಿದರೆ, ಕೊರಿಯರ್ ಬಂದರೆ ಓಡಿ ಬರಬೇಡ. ಮೊದಲ ವಾರ ಓಡಿದರೆ ಮುಂದೆ ದಿನವೂ ಓಡಬೇಕು. ಮನೆಯಲ್ಲೇ ಇರುತ್ತೀಯಲ್ಲ ಎಂಬ ಮಾತು ನಿನ್ನ ಕಿವಿಗೆ ಬೀಳಬಾರದು ಮಗಳೇ. ಆ ಮಾತಿಗೆ ನನ್ನ ಹತ್ತಿರ ಆಗಲೂ ಉತ್ತರವಿರಲಿಲ್ಲ, ಬೆರಳಿಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ಸುಮ್ಮನೆ ಕೂತಿದ್ದೆ.

ನೀನು ಎಸ್ಸೆಸ್ಸೆಲ್ಸಿಗೆ ಓದುವಾಗ ನಿನಗೂ ಒಂದು ಮೂಲೆ ಕೊಡಲು ನಮ್ಮಿಂದ ಆಗಲಿಲ್ಲ. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಅದರ ನೋವು ನನಗೆ ಇವತ್ತಿಗೂ ಇದೆ. ಆ ಮೆಟ್ಟಿಲ ಮೇಲೆ ಓದಿಯೇ ನಮ್ಮ ಎರಡೂ ಮನೆತನಗಳಲ್ಲಿ ಮೊದಲು ನೇಮಕಾತಿ ಪತ್ರ ಪಡೆದವಳು ನೀನು. ಅದರ ಜೆರಾಕ್ಸ್ ನನ್ನ ಕಪಾಟಿನಲ್ಲಿ ಬಂಗಾರದ ರಸೀದಿಗಳ ಜೊತೆ ಇದೆ, ನಿನ್ನಪ್ಪ ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ.

ಕಿಟಕಿಯ ಅಳತೆ ಬೇಗ ಕಳಿಸು. ಚೌಕಟ್ಟಿನ ಒಳಗಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಹಿಡಿ, ಎಲ್ಲ ಕಡೆ ಒಂದೇ ಇರುವುದು ಅಪರೂಪ. ಸ್ಟೀಲ್ ಟೇಪಿನಿಂದ ಅಳೆ, ಬಟ್ಟೆಯ ಟೇಪು ಹಳೆಯದಾದರೆ ಹಿಗ್ಗಿರುತ್ತದೆ. ಕುರ್ಚಿ ಮನೆಗೆ ಬಂದ ಮೇಲೆಯೇ ಮೊಣಕೈಯ ಅಳತೆ ಸೋದರಮಾವನಿಗೆ ಕೊಡು, ಮುಂಚೆ ಕೊಟ್ಟರೆ ತಪ್ಪುತ್ತದೆ. ಪರದೆ, ಜಮಖಾನೆ, ಖಣದ ಹಲಗೆ ಒಂದೇ ಗಂಟು ಕಟ್ಟಿ ಬಸ್ಸಿಗೆ ಹಾಕುತ್ತೇನೆ, ಅಳಿಯಂದಿರು ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಳ್ಳಲಿ. ಆ 48,000 ರೂಪಾಯಿಯ ಆರ್ಡರ್ ಸೋಮವಾರದವರೆಗೂ ರದ್ದು ಮಾಡಬಹುದು ಎಂದು ನೀನೇ ಹೇಳಿದ್ದೆ. ನಾಳೆಯೇ ರದ್ದು ಮಾಡಿ ನನಗೆ ಫೋನ್ ಮಾಡು.

ನಿನ್ನ ಅವ್ವ