ಗುಳಿಗೆ ಡಬ್ಬಿಯ ವಿಷಯ

ಶಿರಸಿ
ಭಾನುವಾರ ರಾತ್ರಿ

ಕೂಸೇ,

ಬಸ್ಸು ಹೊರಟಾಗ ನೀನು ತಿರುಗಿ ನೋಡಲಿಲ್ಲ. ತಪ್ಪು ನನ್ನದೇ. ದುಡಿಯುವ ಮಗಳ ಬ್ಯಾಗಿನಿಂದ ಐದು ಗುಳಿಗೆ ಡಬ್ಬಿ ತೆಗೆದು, ಸಾಲಾಗಿ ಇಟ್ಟು, ಆಯಿಯ ಎದುರಿಗೆ ವಿಚಾರಣೆ ಮಾಡಬಾರದಿತ್ತು. ಆಮೇಲೆ ಆಡಿದ ಮಾತು ಇಬ್ಬರಿಗೂ ನೆನಪಿದೆ, ಬಿಡು.

ಅಷ್ಟು ಕೂಗಾಡಿದ್ದಕ್ಕೆ ಒಂದು ಕಾರಣ ಇತ್ತು. ನೀನು ಪಿಯುಸಿಗೆ ಧಾರವಾಡದಲ್ಲಿದ್ದಾಗ ಅಜ್ಜಿಯನ್ನು ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವಲ್ಲ. ಸೆಖೆಗೆ ಹಾಗಾಯ್ತು ಅಂತ ನಿನಗೆ ಹೇಳಿದ್ದೆ. ಸುಳ್ಳು.

ಮಂಡಿ ನೋವಿಗೆ ಡಾಕ್ಟರು ಎರಡು ಗುಳಿಗೆ ಬರೆದಿದ್ದರು. ಕ್ಯಾಲ್ಸಿಯಂ ದಿನಾ ಒಂದು. 60,000 ಯೂನಿಟ್‌ನ ವಿಟಮಿನ್ ಡಿ ವಾರಕ್ಕೊಂದು, ಎಂಟು ವಾರ. ಚೀಟಿಯಲ್ಲಿ ಸರಿಯಾಗೇ ಇತ್ತು. ನಾನೇ ಅದಲುಬದಲು ಮಾಡಿದೆ. ಡಿ ಗುಳಿಗೆ ದಿನಾ ಕೊಟ್ಟೆ, ಒಂದೂವರೆ ತಿಂಗಳು. ಒಂದು ಸ್ಟ್ರಿಪ್‌ನಲ್ಲಿ ಇರುತ್ತಿದ್ದದ್ದು ನಾಲ್ಕೇ ಗುಳಿಗೆ. ನಾಲ್ಕು ದಿನಕ್ಕೆ ಖಾಲಿಯಾಗುತ್ತಿತ್ತು, ಪೇಟೆಗೆ ಹೋದಾಗ ಮತ್ತೆ ತರುತ್ತಿದ್ದೆ. ಯಾರೂ ಚೀಟಿ ಕೇಳಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ.

ಅಜ್ಜಿಗೆ ಮಲಬದ್ಧತೆ ಶುರುವಾಯ್ತು. ಊಟ ಬೇಡ ಅಂದಳು. ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದಳು. ಕೊಡಪಾನಕ್ಕೆ ತಂಬಿಗೆ ತಾಗುವ ಠಣ್ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಒಂದು ರಾತ್ರಿ ನಾಲ್ಕನೇ ಸಲ ಠಣ್ ಅಂದಾಗ, 'ಸುಮ್ನೆ ಮಲಗೇ, ನಿಂಗೆಂಥ ಆಗಿದೆ' ಅಂತ ಗದರಿಬಿಟ್ಟೆ. ಮರುದಿನದಿಂದ ಸದ್ದಾಗಲಿಲ್ಲ. ಸೆರಗಲ್ಲಿ ತಂಬಿಗೆ ಸುತ್ತಿ ಮುಳುಗಿಸುತ್ತಿದ್ದಳಂತೆ. ಆಯಿ ನೋಡಿದ್ದು. ವಾರ ಕಳೆಯುವಷ್ಟರಲ್ಲಿ ವಾಂತಿ, ನನ್ನನ್ನೇ ಯಾರು ಅಂತ ಕೇಳಿದಳು. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿ ಮೀರಿತ್ತು. ಡಿ ಜಾಸ್ತಿಯಾದರೆ ಹಾಗಂತೆ, ನೀರಲ್ಲಿ ಕರಗಿ ಹೊರಗೆ ಹೋಗುವಂಥದ್ದಲ್ಲ, ಕೊಬ್ಬಲ್ಲಿ ಉಳಿಯುತ್ತದೆ. ಡ್ರಿಪ್ ಹಾಕಿ ಉಳಿಸಿದರು. ಚೇತರಿಸಿಕೊಂಡು ಮನೆಗೆ ಬಂದಮೇಲೂ ಅವಳು ತಂಬಿಗೆಗೆ ಸೆರಗು ಸುತ್ತೋದು ಬಿಡಲಿಲ್ಲ.

ಅದಕ್ಕೇ ನಿನ್ನ ಡಬ್ಬಿಗಳ ಹಿಂಬದಿ ಓದಿದೆ. ಮೂರರಲ್ಲಿ ಡಿ ಇದೆ. ಡಾಕ್ಟರು ಹೇಳದೆ ದೊಡ್ಡವರು ದಿನವೂ ತೆಗೆದುಕೊಳ್ಳುವುದಾದರೆ ಎಲ್ಲ ಸೇರಿ 4,000 ಯೂನಿಟ್ ದಾಟಬಾರದು. ನೀನು ಕೂಡಿಸಿ ನೋಡಿದ್ದೀಯಾ? ಕಬ್ಬಿಣದ ಗುಳಿಗೆಯನ್ನು ಕ್ಯಾಲ್ಸಿಯಂ ಜೊತೆ ಒಟ್ಟಿಗೇ ನುಂಗಿ ಮೇಲೆ ಚಹಾ ಕುಡಿದೆ. ಅದು ಮೈಗೆ ಹತ್ತೋದು ಹೇಗೆ? ಕಬ್ಬಿಣವನ್ನು ಲಿಂಬು ಶರಬತ್ತಿನ ಜೊತೆ ತಗೋ, ಚಹಾಕ್ಕೂ ಕ್ಯಾಲ್ಸಿಯಂಗೂ ಎರಡು ತಾಸು ಅಂತರ ಇರಲಿ. ಮಲ ಕಪ್ಪಾದರೆ ಹೆದರಬೇಡ. ಕೂದಲಿಗೆ ಅಂತ ನೀನು ಜಗಿಯುವ ಮಿಠಾಯಿಯಂಥ ಗಮ್ಮಿಯಲ್ಲಿ ಬಯೋಟಿನ್ ಅನ್ನೋ ವಿಟಮಿನ್ ಇದೆ, ಅದು ಥೈರಾಯ್ಡ್ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸಬಹುದು. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು, ಲ್ಯಾಬಿನವರಿಗೂ ಹೇಳಬೇಕು. ನೋಡು, ಮತ್ತೆ ವಿಚಾರಣೆಗೆ ಇಳಿದೆ.

ಆದರೆ 'ನಮ್ಮನೆ ಊಟ ಸರಿಯಾಗಿ ಮಾಡು, ಯಾವ ಡಬ್ಬಿಯೂ ಬೇಡ' ಅಂದೆನಲ್ಲ, ಅದು ತಪ್ಪು. ಒಂದೆಲಗದ ತಂಬುಳಿಯ ಸೊಪ್ಪಲ್ಲಾಗಲಿ ಬಸಳೆಯಲ್ಲಾಗಲಿ ಬಿ12 ಇಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ, ನೀನು ಹಾಲು ಬಿಟ್ಟು ಎರಡು ವರ್ಷವಾಯ್ತು. ಅಂಗಾಲು ಜುಮ್ಮೆನ್ನುತ್ತೆ ಅಂದಾಗ, ಬಸ್ಸಲ್ಲಿ ಕೂತು ಹಾಗಾಗಿದೆ ಅಂತ ಹೇಳಿ ಮುಗಿಸಿದೆ. ಬಿ12 ಕಮ್ಮಿಯಾದರೂ ಹಾಗೇ ಆಗುತ್ತಂತೆ, ಬಿಟ್ಟರೆ ನರಕ್ಕೆ ಪೆಟ್ಟು. ಫೋಲಿಕ್ ಆಸಿಡ್ ಒಂದೇ ನುಂಗುತ್ತಿದ್ದರೆ ರಕ್ತ ಸರಿಯಾದ ಹಾಗೆ ಕಾಣಿಸಿ ಒಳಗೆ ನರ ಹಾಳಾಗುತ್ತಲೇ ಇರಬಹುದು. ಇದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಈ ವಾರವೇ ಡಾಕ್ಟರನ್ನು ನೋಡು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತಿಳಿಸೋದು), ಬಿ12, ಡಿ ಪರೀಕ್ಷೆ ಬೇಕಾ ಅಂತ ಕೇಳು. ಐದೂ ಡಬ್ಬಿಯನ್ನು ಅವರ ಮುಂದೆ ಇಡು. ದುಡ್ಡು ನಾನು ಕಳಿಸ್ತೇನೆ ಅಂದರೆ ನಿನಗೆ ಸಿಟ್ಟು ಬರುತ್ತದೆ. ಮನೆಯ ಸೋಲಾರ್ ಮಗಳ ಸಂಬಳದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗುವವನೂ ನಾನೇ, ಗೊತ್ತು.

ಐದೂ ಅಂದೆ, ನಾಲ್ಕೇ ಇರಬೇಕು ನಿನ್ನ ಹತ್ತಿರ. ಗಮ್ಮಿ ಡಬ್ಬಿ ಇಲ್ಲೇ ಕಿಟಕಿಯಲ್ಲಿ ಉಳಿದಿದೆ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ಇರುವೆ ಮುತ್ತಿವೆ. ಅವಕ್ಕೆ ಕೂದಲು ಬಂದರೆ ಫೋನ್ ಮಾಡಿ ಹೇಳ್ತೇನೆ ಅಂತ ಆಯಿ ನಗ್ತಿದ್ದಾಳೆ. ನೀನಾಗೇ ಮಾಡಿದರೂ ಎತ್ತುತ್ತೇವೆ.

ಅಪ್ಪ