ದೈಸೆನ್‌ಗೆ ಹೊರಟ ಮಗಳಿಗೆ

ಪುಟ್ಟಿ,

ಮೊನ್ನೆ ರಾತ್ರಿ ನೀನು ಮಾತಾಡುತ್ತಿದ್ದಾಗಲೇ ಫೋನ್ ಇಟ್ಟುಬಿಟ್ಟೆ. ಹಾಗೆ ಮಾಡಬಾರದಿತ್ತು. ಫೆಬ್ರವರಿಯಲ್ಲಿ ಮತ್ತೆ ಜಪಾನಿನ ಆ ದೈಸೆನ್ ಬೆಟ್ಟಕ್ಕೆ ಹೋಗ್ತೇನೆ, ಒಂದು ದಿನ ಸ್ಕೀಯಿಂಗ್, ಮರುದಿನ ಹಿಮದಲ್ಲೇ ಬೆಟ್ಟ ಹತ್ತುತ್ತೇನೆ ಅಂದೆಯಲ್ಲ, ಅಷ್ಟು ಕೇಳಿದ್ದೇ ಕೈ ನಡುಗಿತು. ನೀನು ಅದನ್ನು ಕೋಪ ಅಂದುಕೊಂಡಿರಬೇಕು.

ಅಕ್ಟೋಬರಿನಲ್ಲಿ ಅಲ್ಲಿ ಆದ ಜಗಳ ನಿನಗೂ ಗೊತ್ತು, ನನಗೂ ಗೊತ್ತು. ಅದು ಬಿಡು. ನೀನು ಮೇಲಿದ್ದಾಗ ನಾನು ಕೆಳಗೆ ಏನು ಮಾಡುತ್ತಿದ್ದೆ ಅಂತ ನಿನಗೆ ಹೇಳಿಯೇ ಇಲ್ಲ.

ಎರಡು ಗಂಟೆಗೆ ಇಳೀತೇನೆ ಅಂತ ನೀನು ಅಂದಿದ್ದೆ. ಮೊಣಕಾಲು ನೋವಿನಿಂದ ನಾನು ದೈಸೆನ್‌ಜಿ ದೇವಸ್ಥಾನದ ಹತ್ತಿರವೇ ಕೂತೆ. 718ರಿಂದ ಇರುವ ಜಾಗ, ಜಿಜೊ ಬೋಧಿಸತ್ವನ ಬೆಟ್ಟ ಅಂತೆಲ್ಲ ನೀನೇ ಹೇಳಿದ್ದೆ. ದಾರಿ ಬದಿಯ ಪುಟ್ಟ ಪುಟ್ಟ ಕಲ್ಲಿನ ಜಿಜೊಗಳ ಕೊರಳಿಗೆ ಕೆಂಪು ಬಟ್ಟೆ ಯಾಕೆ ಅಂತ ಕೇಳಿದೆ. ‘ಜಿಜೊ ಮಕ್ಕಳನ್ನು ಕಾಯ್ತಾನೆ ಅಪ್ಪಾ. ಮಕ್ಕಳನ್ನು ಕಳೆದುಕೊಂಡವರೂ ಕಟ್ತಾರೆ’ ಅಂದೆ. ಅಷ್ಟು ಹೇಳಿ ಹೊರಟುಹೋದೆ.

ಎರಡಾಯಿತು. ಎರಡೂವರೆಗೆ ಮಂಜು ಇಳಿಯಿತು. ಮೇಲಿನ ಬೀಚ್ ಜಾತಿಯ ಮರಗಳು ಒಂದೊಂದಾಗಿ ಕಾಣದಾದವು. ನಿನ್ನ ಫೋನ್ ಸಿಗಲಿಲ್ಲ. ಇಳಿದು ಬಂದವರ ಮುಖವನ್ನೆಲ್ಲ ನೋಡಿದೆ, ಕೇಳೋಣವೆಂದರೆ ಭಾಷೆ ಬಾರದು. ಸಾಲಿನಲ್ಲಿ ಮೂರನೆಯ ಜಿಜೊನ ಬಟ್ಟೆಯ ದಾರ ಬಿಚ್ಚಿ ನೇತಾಡುತ್ತಿತ್ತು. ಸುಮ್ನೆ ಕೂರಲಾಗದೆ ಎದ್ದು ಹೋಗಿ ಕಟ್ಟಿದೆ. ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒದ್ದೆ ದಾರ ಜಾರಿ ಗಂಟು ನಿಲ್ಲಲಿಲ್ಲ. ಮತ್ತೆ ಕಟ್ಟಿದೆ. ಆಗ ನಿನ್ನ ಮಾತು ನೆನಪಾಯಿತು ನೋಡು. ಇದನ್ನು ಕಟ್ಟುವವರು ಯಾರು ಅಂತ. ಕೈ ತೆಗೆದೆ. ಬಿಟ್ಟರೆ ದೇವರಿಗೆ ಬೇಸರವಾಗುತ್ತೇನೋ ಅಂತ ಮತ್ತೆ ಹಿಡಿದೆ. ಮೂರೂವರೆ, ನಾಲ್ಕು, ನಾಲ್ಕೂವರೆ. ಆ ದಾರ ಹಿಡಿದೇ ನಿಂತಿದ್ದೆ. ಐದಕ್ಕೆ ನೀನು ನಗುತ್ತಾ ಇಳಿದು ಬಂದೆ. ನಿನ್ನ ಗೆಳತಿಯರ ಎದುರೇ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ತಪ್ಪಾಯಿತು ಮಗಳೇ.

ದೈಸೆನ್ ಜ್ವಾಲಾಮುಖಿ ಅಂದರೆ ಅಮ್ಮನಿಗೆ ಬೆಂಕಿಯ ಭಯ. ಅದು ಬೆಂಕಿ ಉಗುಳಿ ಸಾವಿರಾರು ವರ್ಷ ಆಯ್ತು ಅಂತ ಸಮಾಧಾನ ಮಾಡಿದ್ದೇನೆ. ನನಗೆ ಮಂಜಿನದೇ ಭಯ. ಅಲ್ಲಿ ನೀನು ಹತ್ತಿದ ಮಿಸೆನ್ ಶಿಖರ 1709 ಮೀಟರ್, ನಮ್ಮ ಕುಮಾರ ಪರ್ವತ 1712. ಎತ್ತರ ಒಂದೇ ಅಂತ ಮಾತ್ರ ಲೆಕ್ಕ ಹಾಕಬೇಡ. ಗಿರಿಗದ್ದೆಯಿಂದ ಮೇಲೆ ನಮಗೆ ಬಿಸಿಲು, ಜಿಗಣೆ. ಅಲ್ಲಿ ಜಪಾನ್ ಸಮುದ್ರದ ಗಾಳಿ ನೇರ ಬಂದು ಬಡಿಯುತ್ತೆ. ತುದಿಯ ಹತ್ತಿರದ ಮರದ ಹಲಗೆ ದಾರಿ ಹಿಮದಡಿ ಹೂತಿರುತ್ತೆ. ಬೂಟಿಗೆ ಮುಳ್ಳಿನ ಪಟ್ಟಿ ಇಲ್ಲದೆ ಹೆಜ್ಜೆ ಇಡಬೇಡ. ಹೆಸರು, ದಾರಿ, ವಾಪಸಾಗುವ ಹೊತ್ತು ಬರೆದು ಕೊಟ್ಟೇ ಹತ್ತು. ಆರನೇ ನಿಲುಗಡೆಯ ಗುಡಿಸಲಿನ ಹತ್ತಿರ ಮಂಜು ಕಂಡರೆ ಅಲ್ಲಿಂದಲೇ ತಿರುಗು. ಕೆಂಗಮಿನೆ ಶಿಖರದ ಕಡೆಯ ಏಣು ಕುಸಿಯುತ್ತಿದೆ, ಆ ಕಡೆ ಹೋಗುವುದು ನಿಷೇಧ. ಯಾರು ಕರೆದರೂ ಹೋಗಬೇಡ. ಬುದ್ಧಿ ಹೇಳಬಾರದು ಅಂದುಕೊಂಡೇ ಪೆನ್ ಹಿಡಿದಿದ್ದೆ, ಬೇಜಾರು ಮಾಡ್ಕೋಬೇಡ.

ಬೋಳಾಗಿದ್ದ ತುದಿಯಲ್ಲಿ ಮತ್ತೆ ಹಸಿರು ಬರಲಿ ಅಂತ ಹತ್ತುವವರೆಲ್ಲ ಕೆಳಗಿಂದ ಒಂದೊಂದು ಕಲ್ಲು ಹೊತ್ತು ಹೋಗುತ್ತಿದ್ದರಂತಲ್ಲ. ಅದನ್ನು ಕೇಳಿ ನೀನೂ ಒಂದನ್ನು ಚೀಲಕ್ಕೆ ಹಾಕಿಕೊಂಡೆ. ಅಡಿಕೆ ಸುಲಿಯಲು ಬಂದವರಿಗೆಲ್ಲ ಈ ಕಥೆ ಹೇಳಿದ್ದೇನೆ. ಸ್ಕೀ ಮಾಡುವಾಗ ಕೆಳಗೆ ಸಮುದ್ರ ಕಾಣುತ್ತಂತೆ, ಒಂದು ಫೋಟೊ ಕಳಿಸು.

ಈ ಕಾಗದದ ಜೊತೆ ಹಪ್ಪಳ ಇದೆ. ಅದರಡಿ ಒಂದು ಕೆಂಪು ಬಟ್ಟೆ, ಅಮ್ಮ ಹೊಲಿದದ್ದು. ದಾರ ಗಟ್ಟಿಯದೇ ಹಾಕಿಸಿದ್ದೇನೆ. ಹತ್ತುವ ಮೊದಲು ಆ ಮೂರನೆಯ ಜಿಜೊನಿಗೆ ನೀನೇ ಕಟ್ಟು.

ನಿನ್ನ
ಅಪ್ಪ