ಶನೆಲ್ ಕತೆಯಲ್ಲಿ ಆ ಪುಟವೂ ಇರಲಿ

ಮಾನ್ಯರೇ,

ಫ್ಯಾಷನ್ ಪುಟಗಳಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕಿ ಕೊಕೊ ಶನೆಲ್ ಹೆಸರು ಬಂದಾಗಲೆಲ್ಲ ಸೆಂಟು, ಮುತ್ತಿನ ಸರ, ಕಪ್ಪು ಉಡುಪು, ಅಷ್ಟಕ್ಕೇ ಮಾತು ಮುಗಿಯುತ್ತದೆ. ಆಕೆಯ ಬದುಕು ಅದಕ್ಕಿಂತ ಜಾಸ್ತಿ ಕುತೂಹಲದ್ದು.

1883ರಲ್ಲಿ ಫ್ರಾನ್ಸಿನ ಸೋಮ್ಯೂರ್‌ನಲ್ಲಿ ಹುಟ್ಟಿದವಳು. ತಾಯಿ ತೀರಿಕೊಂಡ ಮೇಲೆ ಬೆಳೆದದ್ದು ಸನ್ಯಾಸಿನಿಯರ ಅನಾಥಾಲಯದಲ್ಲಿ. ಹೊಲಿಗೆ ಕಲಿತದ್ದೂ ಅಲ್ಲೇ. 1910ರಲ್ಲಿ ಪ್ಯಾರಿಸ್ಸಿನಲ್ಲಿ ಟೋಪಿ ಅಂಗಡಿ ತೆರೆದಳು. ಆಮೇಲೆ ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಜರ್ಸಿ ಬಟ್ಟೆಯನ್ನೇ ಹೆಂಗಸರ ಉಡುಪಿಗೆ ತಂದಳು. ಅಗ್ಗದ ಬಟ್ಟೆ, ಹಾಕಿಕೊಂಡು ಆರಾಮಾಗಿ ಓಡಾಡಬಹುದು. 1955ರಲ್ಲಿ ಕೈ ಖಾಲಿ ಇರಲಿ ಅಂತ ಬ್ಯಾಗಿಗೆ ಹೆಗಲಿಗೇರಿಸುವ ಸರಪಳಿ ಹಾಕಿಸಿದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ನನ್ನಂಥವಳಿಗೆ ಇದರ ಬೆಲೆ ಗೊತ್ತು!

ಆದರೆ ಅದಕ್ಕೂ ಮೊದಲು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಪ್ಯಾರಿಸ್ ಹಿಡಿದಿದ್ದಾಗ ಆಕೆ ರಿಟ್ಜ್ ಹೋಟೆಲಿನಲ್ಲಿದ್ದಳು, ಜರ್ಮನ್ ಅಧಿಕಾರಿಯೊಬ್ಬನ ಒಡನಾಟದಲ್ಲಿ. ಆಕೆಯ ಹೆಸರಿನ ಸೆಂಟಿನ ಕಂಪನಿಯಲ್ಲಿ ಹೆಚ್ಚು ಪಾಲು ವರ್ಟ್‌ಹೈಮರ್ ಸೋದರರದ್ದು. ಅವರು ಯಹೂದಿಗಳು ಅನ್ನುವುದನ್ನೇ ಹಿಡಿದು, ನಾಜಿ ಕಾನೂನಿನ ಬಲದಿಂದ ಕಂಪನಿ ಕಿತ್ತುಕೊಳ್ಳಲು ನೋಡಿದಳು. ಆಗಲಿಲ್ಲ. ವಿಚಿತ್ರ ನೋಡಿ, 1954ರಲ್ಲಿ, 70ರ ವಯಸ್ಸಿನಲ್ಲಿ ಮತ್ತೆ ಉಡುಪಿನ ಲೋಕಕ್ಕೆ ಮರಳಿದಾಗ ಆಕೆಗೆ ದುಡ್ಡು ಹಾಕಿದ್ದು ಅದೇ ಸೋದರರಲ್ಲಿ ಒಬ್ಬನಾದ ಪಿಯರ್! ಫ್ರೆಂಚ್ ಪತ್ರಿಕೆಗಳು ಆಗ ಮೂಗು ಮುರಿದವು. ಅಮೆರಿಕದವರು ಕೈಹಿಡಿದರು.

ಆ ಕಪ್ಪು ಉಡುಪು ನನಗೂ ಇಷ್ಟವೇ. ಸುಮ್ನೆ ಬೈಯಲು ಬರೆದದ್ದಲ್ಲ. ಮುಂದಿನ ಸಲ ಶನೆಲ್ ಬಗ್ಗೆ ಪುಟ ಮಾಡುವಾಗ ಈ ಭಾಗಕ್ಕೂ ನಾಲ್ಕು ಸಾಲು ಕೊಡಿ.

– ಓದುಗಳೊಬ್ಬಳು, ಮೈಸೂರು